ಹುಂಜದ ಬೀಜ, ಕಾನೂನು ಮತ್ತು ಲಾಭ: ಕೇಪನ್ ಕೋಳಿಯ ಎರಡು ಸಾವಿರ ವರ್ಷಗಳ ಕಥೆ

ಷೇಕ್ಸ್‌ಪಿಯರನ 'ಆ್ಯಸ್ ಯು ಲೈಕ್ ಇಟ್' ನಾಟಕದಲ್ಲಿ ಮನುಷ್ಯನ ಬಾಳಿನ ಏಳು ಹಂತಗಳನ್ನು ವರ್ಣಿಸುವ ಪ್ರಸಿದ್ಧವಾದ ಮಾತೊಂದು ಬರುತ್ತದೆ. ನಮ್ಮಲ್ಲಿ ಇಂಗ್ಲಿಷ್ ಕಲಿತ ಬಹುಮಂದಿ ಅದನ್ನು ಒಂದಲ್ಲ ಒಂದು ತರಗತಿಯಲ್ಲಿ ಪದ್ಯವೆಂದೇ ಓದಿದವರು. ಅದರ ಐದನೆಯ ಹಂತದಲ್ಲಿ ಒಬ್ಬ ನ್ಯಾಯಾಧೀಶನಿದ್ದಾನೆ. ಅವನ ದುಂಡನೆಯ ಹೊಟ್ಟೆ 'ಕೇಪನ್'ನಿಂದ ತುಂಬಿಕೊಂಡಿದೆ ಎಂದು ಕವಿ ಹೇಳುತ್ತಾನೆ. 'ಕೇಪನ್ ಎಂದರೆ ಕೊಬ್ಬಿಸಿದ ಕೋಳಿ' ಎಂದು ಅರ್ಥ ಬರೆಸಿ ಮುಂದಿನ ಸಾಲಿಗೆ ಹೋಗುವುದು ತರಗತಿಗಳಲ್ಲಿ ವಾಡಿಕೆ. ಆದರೆ ಆ ಪದದ ನಿಜವಾದ ಅರ್ಥ ಬೀಜ ತೆಗೆದ ಹುಂಜ ಎಂದು. ಅಂದಿನ ಇಂಗ್ಲೆಂಡಿನಲ್ಲಿ ಕಕ್ಷಿಗಾರರು ನ್ಯಾಯಾಧೀಶರ ಮನೆಗೆ ಇಂತಹ ಕೋಳಿಗಳನ್ನು ಕಾಣಿಕೆಯಾಗಿ ಒಯ್ಯುತ್ತಿದ್ದರೆಂದೂ ಕವಿಯ ವ್ಯಂಗ್ಯ ಅಲ್ಲಿಯೇ ಅಡಗಿದೆಯೆಂದೂ ವ್ಯಾಖ್ಯಾನಕಾರರು ವಿವರಿಸುತ್ತಾರೆ.

ಈ ಕೋಳಿಯ ಮಾತು ಈಗೇಕೆ ಎಂದು ಓದುಗರು ಕೇಳಬಹುದು. ಹಿತ್ತಿಲಿನಲ್ಲಿ, ತೋಟದ ಮನೆಯಲ್ಲಿ ಹತ್ತಿಪ್ಪತ್ತು ನಾಟಿ ಕೋಳಿ ಸಾಕುವ ಹವ್ಯಾಸ ಈಚೆಗೆ ವಿದ್ಯಾವಂತರಲ್ಲಿಯೂ ಹಬ್ಬುತ್ತಿದೆ. ಹೇಂಟೆಯೊಂದನ್ನು ಕಾವಿಗೆ ಕೂರಿಸಿದರೆ ಹುಟ್ಟುವ ಮರಿಗಳಲ್ಲಿ ಸುಮಾರು ಅರ್ಧದಷ್ಟು ಗಂಡು. ಒಂದು ಗುಂಪಿಗೆ ಬೇಕಾದದ್ದು ಒಂದೇ ಹುಂಜ. ಉಳಿದವು ನಾಲ್ಕೈದು ತಿಂಗಳಿಗೆ ಕೂಗತೊಡಗುತ್ತವೆ, ಒಂದನ್ನೊಂದು ಕುಕ್ಕಿ ರಕ್ತ ಬರಿಸುತ್ತವೆ, ಹೇಂಟೆಗಳ ಬೆನ್ನಿನ ಪುಕ್ಕ ಕೀಳುತ್ತವೆ. ಇವುಗಳಿಗೆ ಬೀಜ ತೆಗೆದು ಸಾಕಿದರೆ ಹೇಗೆ, ಅದು ಕಾನೂನಿಗೆ ಸಮ್ಮತವೇ, ಅದರಿಂದ ಲಾಭವುಂಟೇ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಇದಕ್ಕೆ ಒಂದು ವಾಕ್ಯದಲ್ಲಿ ಉತ್ತರ ಹೇಳಿಬಿಡಬಹುದು. ಆದರೆ ಪ್ರಶ್ನೆ ಎರಡು ಸಾವಿರ ವರ್ಷಗಳಷ್ಟು ಹಳೆಯದು; ಅದರ ಚರಿತ್ರೆಯನ್ನು ತಿಳಿದರೆ ಉತ್ತರದ ಕಾರಣವೂ ತಿಳಿಯುತ್ತದೆ.

ಮೊದಲು ಪ್ರಾಚೀನ ಗ್ರೀಸನ್ನು ನೋಡೋಣ. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಅರಿಸ್ಟಾಟಲನ 'ಪ್ರಾಣಿಗಳ ಚರಿತ್ರೆ' ಎಂಬ ಗ್ರಂಥದಲ್ಲಿ ಈ ವಿಷಯದ ಉಲ್ಲೇಖವಿದೆ. ಹುಂಜದ ಹಿಂಭಾಗವನ್ನು ಕಾದ ಕಬ್ಬಿಣದಿಂದ ಎರಡು ಮೂರು ಬಾರಿ ಸುಟ್ಟರೆ ಅದರ ಜುಟ್ಟು ಬಣ್ಣಗೆಡುತ್ತದೆ, ಕೂಗು ನಿಲ್ಲುತ್ತದೆ, ಕಾಮಪ್ರವೃತ್ತಿ ಅಡಗುತ್ತದೆ; ಎಳೆಯದರಲ್ಲಿಯೇ ಮಾಡಿದರೆ ಈ ಲಕ್ಷಣಗಳು ಮೂಡುವುದೇ ಇಲ್ಲ ಎಂದು ಆತ ಬರೆದಿದ್ದಾನೆ. ರೋಮನರ ಕೃಷಿಗ್ರಂಥಗಳಲ್ಲಿಯೂ ಇದು ಬರುತ್ತದೆ. ವರೋ ಎಂಬಾತ ಹುಂಜದ ಕಾಲಿನ ಕೆಳಭಾಗವನ್ನು ಸುಡಬೇಕೆನ್ನುತ್ತಾನೆ. ಕ್ರಿಸ್ತಶಕ ಮೊದಲ ಶತಮಾನದ ಕೊಲುಮೆಲ್ಲ ಇನ್ನೂ ಸ್ಪಷ್ಟವಾಗಿ, ಜನನಾಂಗವನ್ನು ಕಳೆದುಕೊಳ್ಳುವುದರಿಂದಲ್ಲ, ಕಾಲಿನ ಮುಳ್ಳನ್ನು ಕಾದ ಕಬ್ಬಿಣದಿಂದ ಸುಡುವುದರಿಂದ ಹುಂಜ ಕೇಪನ್ ಆಗುತ್ತದೆ ಎನ್ನುತ್ತಾನೆ.

ಇಲ್ಲಿ ಒಂದು ಅಂಗರಚನೆಯ ವಿಷಯವನ್ನು ತಿಳಿಯಬೇಕು. ಹೋರಿಯ, ಹೋತದ, ಟಗರಿನ ಬೀಜ ದೇಹದ ಹೊರಗೆ ತೂಗಾಡುತ್ತದೆ. ಆದಕಾರಣ ನಮ್ಮ ರೈತರು ಹೋರಿಗೆ ಬೀಜ ಒಡೆಸಿ ಎತ್ತು ಮಾಡುವ ಕ್ರಮವನ್ನು ಬಹು ಹಿಂದೆಯೇ ಕಂಡುಕೊಂಡರು. ಹಕ್ಕಿಯ ಬೀಜ ಹಾಗಲ್ಲ. ಅದು ಹೊಟ್ಟೆಯೊಳಗೆ, ಬೆನ್ನೆಲುಬಿಗೆ ಅಂಟಿದಂತೆ, ಮೂತ್ರಪಿಂಡಗಳ ಮುಂತುದಿಯಲ್ಲಿ, ಎರಡು ಬದಿಗೆ ಎರಡು ಹುರುಳಿಕಾಳಿನಂತೆ ಕುಳಿತಿರುತ್ತದೆ. ಕಾಲಿನ ಮುಳ್ಳನ್ನು ಎಷ್ಟು ಸುಟ್ಟರೂ ಅದಕ್ಕೆ ಏನೂ ಆಗದು. ಹುಂಜದ ಪೌರುಷವೆಲ್ಲ ಕಾಳಗಕ್ಕೆ ಬಳಸುವ ಆ ಮುಳ್ಳಿನಲ್ಲಿಯೇ ಇದೆಯೆಂದು ಭಾವಿಸಿ ಬರೆದದ್ದನ್ನು ಒಬ್ಬರಿಂದೊಬ್ಬರು ನಕಲು ಮಾಡಿರಬೇಕು. ಪಕ್ಕೆಲುಬಿನ ನಡುವೆ ಕೊಯ್ದು ಬೀಜ ತೆಗೆಯುವ ನಿಜವಾದ ಕೈಕೆಲಸ ಬಲ್ಲವರು ಬಹುಶಃ ಗ್ರಂಥ ಬರೆಯುವವರಾಗಿರಲಿಲ್ಲ.

ರೋಮಿನ ಮಾತು ಬಂದಾಗ ಅಲ್ಲಿಯ ಒಂದು ಕಾನೂನನ್ನೂ ಹೇಳಬೇಕು. ಕ್ರಿಸ್ತಪೂರ್ವ 161ರಲ್ಲಿ ಗೈಯಸ್ ಫಾನ್ನಿಯಸ್ ಎಂಬ ಕಾನ್ಸಲ್ ಭೋಜನದ ದುಂದುವೆಚ್ಚವನ್ನು ತಡೆಯಲು ಶಾಸನವೊಂದನ್ನು ತಂದನು. ಹಕ್ಕಿಗಳ ಪೈಕಿ ಒಂದೇ ಒಂದು ಹೇಂಟೆಯನ್ನು, ಅದೂ ಮೇವು ತುರುಕಿ ಕೊಬ್ಬಿಸದಿದ್ದುದನ್ನು ಮಾತ್ರ ಬಡಿಸಬಹುದು ಎಂಬುದು ಅದರಲ್ಲಿಯ ಒಂದು ವಿಧಿ. ಈ ವಿಧಿಯಿಂದ ತಪ್ಪಿಸಿಕೊಳ್ಳಲೆಂದೇ ರೋಮನರು ಹುಂಜದ ಬೀಜ ತೆಗೆದು ಕೊಬ್ಬಿಸುವ ಉಪಾಯವನ್ನು ಕಂಡುಹಿಡಿದರು ಎಂಬ ಕಥೆ ಅನೇಕ ಪುಸ್ತಕಗಳಲ್ಲಿ ಸಿಗುತ್ತದೆ. ಕಥೆ ಸೊಗಸಾಗಿದೆ, ಆದರೆ ಮೂಲದಲ್ಲಿ ಇರುವುದು ಹಾಗಲ್ಲ. ಇದನ್ನು ದಾಖಲಿಸಿದ ಪ್ಲಿನಿ ಹೇಳುವುದಿಷ್ಟೇ: ಕಾನೂನು ಹೇಂಟೆಯನ್ನು ಹೆಸರಿಸಿತ್ತಾದ್ದರಿಂದ ಜನರು ಹಾಲಿನಲ್ಲಿ ನೆನೆಸಿದ ಆಹಾರವನ್ನು ಕೊಟ್ಟು ಹುಂಜಗಳನ್ನು ಕೊಬ್ಬಿಸಿ ಶಾಸನದ ಕಣ್ಣಿಗೆ ಮಣ್ಣೆರಚಿದರು. ಬೀಜ ತೆಗೆದ ಮಾತು ಅಲ್ಲಿಲ್ಲ. ಅದಕ್ಕೂ ಮುಂಚೆಯೇ ಅರಿಸ್ಟಾಟಲನಿಗೆ ಈ ಪದ್ಧತಿ ತಿಳಿದಿದ್ದುದರಿಂದ ಕಥೆ ನಿಲ್ಲುವುದೂ ಇಲ್ಲ.

ರೋಮ್ ಅಳಿದರೂ ಅದರ ಕೋಳಿ ಯೂರೋಪಿನಲ್ಲಿ ಉಳಿಯಿತು. ಮಧ್ಯಯುಗದ ಇಂಗ್ಲೆಂಡಿನಲ್ಲಿ ಜಮೀನುದಾರನಿಗೆ ಒಕ್ಕಲು ಕೊಡಬೇಕಾದ ಗೇಣಿಯ ಪಟ್ಟಿಯಲ್ಲಿ ಧಾನ್ಯದ ಜೊತೆಗೆ ಇಷ್ಟು ಕೇಪನ್ ಎಂದೂ ಬರೆದಿರುತ್ತಿತ್ತು. ರೈತ ಸಾಕಿ, ಮೇವು ಹಾಕಿ ಕೊಬ್ಬಿಸಿದ ಕೋಳಿ ಕ್ರಿಸ್ಮಸ್ಸಿಗೆ ಧಣಿಯ ಮೇಜನ್ನು ಸೇರುತ್ತಿತ್ತು. ಇಟಲಿಯ ಮನ್ಜೋನಿ 19ನೆಯ ಶತಮಾನದಲ್ಲಿ ಬರೆದ 'ನಿಶ್ಚಿತ ವಧೂವರರು' ಎಂಬ ಕಾದಂಬರಿಯಲ್ಲಿ ರೆನ್ಜೋ ಎಂಬ ಬಡ ತರುಣ, ತನ್ನ ಮದುವೆಗೆ ಅಡ್ಡಿಯಾದ ಪಾಳೆಯಗಾರನ ವಿರುದ್ಧ ಸಲಹೆ ಕೇಳಲು ನಾಲ್ಕು ಕೇಪನ್‌ಗಳನ್ನು ಕಾಲು ಕಟ್ಟಿ ತಲೆಕೆಳಗಾಗಿ ಹಿಡಿದು ವಕೀಲನ ಮನೆಗೆ ನಡೆಯುತ್ತಾನೆ. ಸಾವಿನ ದಾರಿಯಲ್ಲಿರುವ ಆ ಕೋಳಿಗಳು ತಮ್ಮ ತಮ್ಮಲ್ಲಿಯೇ ಕುಕ್ಕಾಡುತ್ತಿರುತ್ತವೆ. ಪಾಳೆಯಗಾರನ ಹೆಸರು ಕೇಳಿದೊಡನೆ ವಕೀಲ ರೆನ್ಜೋನನ್ನೂ ಕೋಳಿಗಳನ್ನೂ ಒಟ್ಟಿಗೆ ಹೊರಗೆ ಕಳುಹಿಸುತ್ತಾನೆ. ಷೇಕ್ಸ್‌ಪಿಯರನ ನ್ಯಾಯಾಧೀಶ, ಮನ್ಜೋನಿಯ ವಕೀಲ, ಇಂಗ್ಲೆಂಡಿನ ಜಮೀನುದಾರ ಇವರನ್ನು ಒಟ್ಟಿಗೆ ನೋಡಿದಾಗ ಒಂದು ಸಂಗತಿ ಹೊಳೆಯುತ್ತದೆ. ಕೇಪನ್ ಬಡವನ ಅಂಗಳದಲ್ಲಿ ಬೆಳೆಯುತ್ತಿತ್ತು, ಆದರೆ ಬಡವನ ಊಟವಾಗಿರಲಿಲ್ಲ. ಅದು ಮೇಲಿನವರಿಗೆ ಸಲ್ಲುವ ವಸ್ತು. ಅದಕ್ಕೆ ಬೆಲೆ ಬಂದದ್ದೇ ಹಾಗೆ.

ಇನ್ನು ಆ ಶಸ್ತ್ರಕ್ರಿಯೆ. ವಿವರ ಕಠಿಣವೆನಿಸಬಹುದು, ಆದರೆ ಅದನ್ನು ತಿಳಿಯದೆ ಕಾನೂನಿನ ಮಾತಾಡುವುದು ಸರಿಯಲ್ಲ. ಮರಿ ಸುಮಾರು ಒಂದೂವರೆ ಎರಡು ತಿಂಗಳಿನದಾಗಿರುವಾಗ ಒಂದು ದಿನ ಮೇವು ನೀರು ನಿಲ್ಲಿಸಿ ಕರುಳನ್ನು ಬರಿದಾಗಿಸುತ್ತಾರೆ. ರೆಕ್ಕೆ ಕಾಲುಗಳನ್ನು ಕಟ್ಟಿ ಪಕ್ಕಕ್ಕೆ ಮಲಗಿಸಿ, ಪುಕ್ಕ ಕಿತ್ತು, ಕೊನೆಯ ಎರಡು ಪಕ್ಕೆಲುಬುಗಳ ನಡುವೆ ಕೊಯ್ದು, ಅವುಗಳನ್ನು ಅಗಲಿಸಿ, ಒಳಗಿನ ಪೊರೆಯನ್ನು ಹರಿದು, ಕಾಳಿನಷ್ಟು ಸಣ್ಣದಾದ ಬೀಜವನ್ನು ಚಿಮಟದಿಂದ ಹೊರಗೆಳೆಯುತ್ತಾರೆ. ಬೀಜದ ಪಕ್ಕದಲ್ಲಿಯೇ ದೇಹದ ದೊಡ್ಡ ರಕ್ತನಾಳವಿದೆ. ಚಿಮಟ ಕೂದಲೆಳೆಯಷ್ಟು ಜಾರಿದರೂ ಮರಿ ಅಲ್ಲಿಯೇ ಸಾಯುತ್ತದೆ. ಬೀಜದ ಚೂರೊಂದು ಒಳಗೆ ಉಳಿದರೆ ಅದು ಮತ್ತೆ ಬೆಳೆದು, ಆ ಪ್ರಾಣಿ ಪೂರಾ ಹುಂಜವೂ ಅಲ್ಲದ ಕೇಪನ್ನೂ ಅಲ್ಲದ ಸ್ಥಿತಿಗೆ ಬರುತ್ತದೆ. ಗಾಯ ತಾನಾಗಿಯೇ ಮಾಯುತ್ತದೆ, ಆದರೆ ಒಳಗಿನ ಗಾಳಿ ಸೋರಿ ಚರ್ಮದಡಿ ಬುಗ್ಗೆ ಏಳುವುದುಂಟು. ಇದೆಲ್ಲ ಪರಂಪರೆಯಿಂದ ನಡೆದುಬಂದದ್ದು ಅರಿವಳಿಕೆಯಿಲ್ಲದೆ ಎಂಬುದನ್ನು ನೆನಪಿಡಬೇಕು.

ಬದುಕಿ ಉಳಿದ ಹಕ್ಕಿಯಲ್ಲಿ ಆಗುವ ಬದಲಾವಣೆ ಮಾತ್ರ ಅದ್ಭುತ. ಜುಟ್ಟೂ ಗಲ್ಲದ ಜೋಲೂ ಬೆಳೆಯದೆ ಬಿಳಚಿಕೊಳ್ಳುತ್ತವೆ. ಕೂಗು ಇಲ್ಲ, ಜಗಳ ಕಡಿಮೆ. ಮಾಂಸ ಮೃದುವಾಗಿರುತ್ತದೆ, ನಾರಿನ ನಡುವೆ ಕೊಬ್ಬು ಸೇರುತ್ತದೆ. ಆದರೆ ಗಂಡಿನ ಉದ್ದನೆಯ ಹೊಳೆಯುವ ಪುಕ್ಕ ಹಾಗೆಯೇ ಉಳಿಯುತ್ತದೆ. 18ನೆಯ ಶತಮಾನದಲ್ಲಿ ಫ್ರಾನ್ಸಿನ ವಿಜ್ಞಾನಿ ರೆಯೋಮರ್ ಕೇಪನ್‌ಗಳಿಗೆ ಮರಿ ಸಾಕುವುದನ್ನು ಕಲಿಸಬಹುದೆಂದೂ ಬರೆದಿದ್ದಾನೆ.

ಈ ಬದಲಾವಣೆ ಏಕೆ ಆಗುತ್ತದೆ ಎಂಬ ಪ್ರಶ್ನೆಯೇ ಮುಂದೆ ವಿಜ್ಞಾನದ ಒಂದು ಶಾಖೆಯನ್ನು ಹುಟ್ಟಿಸಿತು. ಜರ್ಮನಿಯ ಗೋಟಿಂಗನ್ ವಿಶ್ವವಿದ್ಯಾಲಯದ ಆರ್ನಾಲ್ಡ್ ಬರ್ಟೋಲ್ಡ್ 1848ರಲ್ಲಿ ಆರು ಹುಂಜದ ಮರಿಗಳ ಮೇಲೆ ಪ್ರಯೋಗ ಮಾಡಿದನು. ಎರಡರ ಬೀಜಗಳನ್ನು ಪೂರ್ತಿ ತೆಗೆದನು, ಅವು ಕೇಪನ್‌ಗಳಾದವು. ಉಳಿದವುಗಳಲ್ಲಿ ಒಂದೊಂದು ಬೀಜವನ್ನು, ಕೆಲವದರಲ್ಲಿ ಸ್ವಂತದ್ದನ್ನು, ಕೆಲವದರಲ್ಲಿ ಇನ್ನೊಂದು ಹುಂಜದ್ದನ್ನು, ಹೊಟ್ಟೆಯೊಳಗೆ ಉಳಿಸಿದನು. ಅವು ಕೂಗಿದವು, ಕಾದಾಡಿದವು, ಕೆಂಪು ಜುಟ್ಟು ಬಿಟ್ಟವು. ಕೊಯ್ದು ನೋಡಿದಾಗ ಬೀಜ ತನ್ನ ಮೂಲಸ್ಥಾನದಲ್ಲಿ ಇರಲಿಲ್ಲ, ಹಳೆಯ ನರಗಳ ಸಂಪರ್ಕವೂ ಇರಲಿಲ್ಲ. ಹೊಸ ರಕ್ತನಾಳಗಳು ಮಾತ್ರ ಬೆಳೆದಿದ್ದವು. ಹಾಗಾದರೆ ಬೀಜದ ಪ್ರಭಾವ ನರದ ಮೂಲಕವಲ್ಲ, ರಕ್ತದ ಮೂಲಕ ದೇಹವನ್ನೆಲ್ಲ ತಲುಪುತ್ತದೆ ಎಂದು ಆತ 1849ರಲ್ಲಿ ನಾಲ್ಕು ಪುಟಗಳ ಲೇಖನದಲ್ಲಿ ತೀರ್ಮಾನಿಸಿದನು. 'ಹಾರ್ಮೋನ್' ಎಂಬ ಪದ ಹುಟ್ಟಿದ್ದು ಅದಾದ 56 ವರ್ಷಗಳ ಮೇಲೆ, 1905ರಲ್ಲಿ.

1927ರಲ್ಲಿ ಷಿಕಾಗೋದಲ್ಲಿ ಹೋರಿಗಳ ಬೀಜದಿಂದ ತೆಗೆದ ಸಾರವನ್ನು ಕೇಪನ್‌ಗಳಿಗೆ ಚುಚ್ಚಿದಾಗ ಬಿಳಚಿದ ಜುಟ್ಟು ಮತ್ತೆ ಕೆಂಪಾಗಿ ಬೆಳೆಯಿತು. ಅಂದಿನಿಂದ ಕೇಪನ್ನಿನ ಜುಟ್ಟೇ ಗಂಡು ಹಾರ್ಮೋನನ್ನು ಅಳೆಯುವ ಮಾಪಕವಾಯಿತು. ಜರ್ಮನಿಯ ಬ್ಯುಟೆನಾಂಟ್ 1931ರಲ್ಲಿ ಸಾವಿರಾರು ಲೀಟರು ಮೂತ್ರದಿಂದ ಆಂಡ್ರೊಸ್ಟೆರೋನನ್ನು ಬೇರ್ಪಡಿಸಿದನು. 1935ರಲ್ಲಿ ಟೆಸ್ಟೊಸ್ಟೆರೋನ್ ಸಿಕ್ಕಿತು, ಅದೇ ವರ್ಷ ಪ್ರಯೋಗಶಾಲೆಯಲ್ಲಿ ಅದರ ತಯಾರಿಕೆಯೂ ಆಯಿತು. 1939ರ ರಸಾಯನಶಾಸ್ತ್ರದ ನೊಬೆಲ್ ಬ್ಯುಟೆನಾಂಟ್ ಮತ್ತು ರುಜೀಚ್ಕಾ ಇಬ್ಬರಿಗೂ ಸಂದಿತು. ಹುಂಜದ ಬೀಜ ತೆಗೆದದ್ದರಿಂದ ಮನುಷ್ಯನಿಗೆ ಆದ ಅತಿ ದೊಡ್ಡ ಲಾಭ ಯಾವುದೆಂದು ನನ್ನನ್ನು ಕೇಳಿದರೆ ಊಟದ ತಟ್ಟೆಯನ್ನು ತೋರಿಸೆನು, ಇದನ್ನೇ ತೋರಿಸುವೆನು.

ಹಾರ್ಮೋನಿನ ಈ ಜ್ಞಾನ ಮರಳಿ ಕೋಳಿಗೂಡಿಗೆ ಬಂದದ್ದು ಮಾತ್ರ ಕಹಿಯಾದ ರೀತಿಯಲ್ಲಿ. ಶಸ್ತ್ರವೇ ಬೇಡ, ಹೆಣ್ಣು ಹಾರ್ಮೋನಿನಂತೆ ವರ್ತಿಸುವ ಡೈಎಥೈಲ್‌ಸ್ಟಿಲ್‌ಬೆಸ್ಟ್ರಾಲ್ ಎಂಬ ರಾಸಾಯನಿಕದ ಗುಳಿಗೆಯನ್ನು ಹುಂಜದ ಕತ್ತಿನ ಚರ್ಮದಡಿ ಇಟ್ಟರೆ ಸಾಕು ಎಂದು ಅಮೆರಿಕದಲ್ಲಿ ಕಂಡುಕೊಂಡರು. 1947ರಲ್ಲಿ ಅದಕ್ಕೆ ಸರ್ಕಾರದ ಅನುಮತಿ ದೊರೆಯಿತು. ಆ ವಸ್ತುವಿನ ಉಳಿಕೆ ತಿನ್ನುವವರ ದೇಹವನ್ನೂ ಸೇರುತ್ತದೆಂಬುದು ಮನವರಿಕೆಯಾಗಿ 1959ರಲ್ಲಿ ಕೋಳಿಗಳಲ್ಲಿ ಅದರ ಬಳಕೆಯನ್ನು ನಿಲ್ಲಿಸಲಾಯಿತು.

ಅಷ್ಟರಲ್ಲಿ ಕೇಪನ್ನಿನ ಅಗತ್ಯವೇ ಕುಸಿಯತೊಡಗಿತ್ತು. 1923ರಲ್ಲಿ ಅಮೆರಿಕದ ಡೆಲವೇರ್ ರಾಜ್ಯದ ಸಿಸಿಲ್ ಸ್ಟೀಲ್ ಎಂಬ ರೈತ ಮಹಿಳೆ 50 ಮರಿ ಕೇಳಿದ್ದಕ್ಕೆ 500 ಬಂದವು. ಆಕೆ ಅವನ್ನು ಹಿಂದಿರುಗಿಸದೆ ಮಾಂಸಕ್ಕೆಂದೇ ಬೆಳೆಸಿ ಮಾರಿದಳು. ಮಾಂಸದ ಕೋಳಿಯ ಉದ್ಯಮದ ಆರಂಭವನ್ನು ಅಲ್ಲಿಂದ ಗುರುತಿಸುವುದು ರೂಢಿ. 1940ರ ದಶಕದಲ್ಲಿ 'ನಾಳಿನ ಕೋಳಿ' ಎಂಬ ಸ್ಪರ್ಧೆಯನ್ನು ದೇಶಾದ್ಯಂತ ನಡೆಸಿ, ಬೇಗ ಬೆಳೆಯುವ ಅಗಲ ಎದೆಯ ತಳಿಗಳನ್ನು ಹುಡುಕಿದರು. ಅದರ ಸಂತತಿಯೇ ಇಂದು ನಮ್ಮ ಅಂಗಡಿಗಳಲ್ಲಿ ದೊರೆಯುವ ಬ್ರಾಯ್ಲರ್, ನಮ್ಮ ಜನರ ಬಾಯಲ್ಲಿ ಫಾರಂ ಕೋಳಿ. ಅದು ಆರೇಳು ವಾರಕ್ಕೆ ಎರಡು ಕಿಲೋ ದಾಟುತ್ತದೆ. ಹುಂಜಕ್ಕೆ ಪ್ರಾಯ ಬರುವುದು ನಾಲ್ಕೈದು ತಿಂಗಳಿಗೆ. ಪ್ರಾಯ ಬರುವ ಮುಂಚೆಯೇ ಕಸಾಯಿಯ ಕೈ ಸೇರುವ ಕೋಳಿಗೆ ಬೀಜ ತೆಗೆಯುವ ಪ್ರಮೇಯವೆಲ್ಲಿ?

ಆದರೂ ಕೆಲವು ಕಡೆ ಕೇಪನ್ ಉಳಿದಿದೆ. ಫ್ರಾನ್ಸಿನ ಬ್ರೆಸ್ ಪ್ರಾಂತದ ಕೋಳಿಗೆ 1957ರಿಂದ ಕಾನೂನಿನ ಪ್ರದೇಶಮುದ್ರೆ ಇದೆ. ನಮ್ಮ ಮೈಸೂರು ಮಲ್ಲಿಗೆಗೆ ಇರುವ ಭೌಗೋಳಿಕ ಗುರುತಿನಂತೆ. ಅಲ್ಲಿ ಕೇಪನ್ನನ್ನು ಸುಮಾರು ಎಂಟು ತಿಂಗಳು ಸಾಕಿ, ಕೊನೆಗೆ ಮರದ ಗೂಡಿನಲ್ಲಿಟ್ಟು ಜೋಳ ಮತ್ತು ಹಾಲು ತಿನ್ನಿಸಿ, ಕೊಂದ ಮೇಲೆ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ಹೊಲಿದು, ಕ್ರಿಸ್ಮಸ್ಸಿಗೆ ದುಬಾರಿ ಬೆಲೆಗೆ ಮಾರುತ್ತಾರೆ. 1862ರಿಂದ ಅಲ್ಲಿ ಸ್ಪರ್ಧೆ ನಡೆಯುತ್ತಿದೆ. ಸ್ಪೇನಿನ ವಿಲಾಲ್ಬ ಊರಿನಲ್ಲಿ ಡಿಸೆಂಬರಿನಲ್ಲಿ ಕೇಪನ್ ಜಾತ್ರೆಯೇ ಇದೆ. ಯೂರೋಪಿಯನ್ ಒಕ್ಕೂಟದ 2008ರ ನಿಯಮ, ಪ್ರಾಯಕ್ಕೆ ಮುಂಚೆ ಶಸ್ತ್ರದಿಂದ ಬೀಜ ತೆಗೆದ, ಆ ಮೇಲೆ ಕನಿಷ್ಠ 77 ದಿನ ಮೇಯಿಸಿದ, 140 ದಿನ ತುಂಬಿದ ಹುಂಜವನ್ನು ಮಾತ್ರ ಆ ಹೆಸರಿನಿಂದ ಮಾರಬೇಕೆಂದು ಗೊತ್ತುಪಡಿಸಿತು.

ಈಗ ಕಾನೂನಿನ ಪ್ರಶ್ನೆಗೆ ಬರೋಣ. ಒಂದೇ ಕೆಲಸ ಒಂದು ದೇಶದಲ್ಲಿ ಪರಂಪರೆ, ಕಡಲಾಚೆಯ ನೆರೆದೇಶದಲ್ಲಿ ಅಪರಾಧ. ಬ್ರಿಟನ್ನಿನಲ್ಲಿ ಶಸ್ತ್ರದಿಂದ ಗಂಡು ಹಕ್ಕಿಯ ಬೀಜ ತೆಗೆಯುವುದನ್ನು 1982ರ ನಿಯಮಗಳೇ ನಿಷೇಧಿಸಿದ್ದವು. ಹುಂಜದ ಕೂಗು ನಿಲ್ಲಿಸಲು ಮಾಡುವ ಶಸ್ತ್ರಕ್ರಿಯೆಯೂ ಆ ಪಟ್ಟಿಯಲ್ಲಿತ್ತು. 2006ರ ಪ್ರಾಣಿಕ್ಷೇಮ ಕಾಯಿದೆಯ ನಂತರ ಅನುಮತಿ ಪಡೆದ ಅಂಗಚ್ಛೇದಗಳ ಪಟ್ಟಿಯಲ್ಲಿ ಇದಕ್ಕೆ ಸ್ಥಾನ ದೊರೆಯಲಿಲ್ಲ. ಹೀಗೆ ನ್ಯಾಯಾಧೀಶನ ಹೊಟ್ಟೆ ತುಂಬಿಸಿದ ಕೋಳಿಯನ್ನು ಕಡೆಗೆ ಆ ನ್ಯಾಯಾಧೀಶನ ದೇಶದ ಕಾನೂನೇ ತಡೆಯಿತು. ಅಮೆರಿಕದಲ್ಲಿ ಕೇಂದ್ರ ಸರ್ಕಾರದ ನಿಷೇಧವಿಲ್ಲ. ಹಿತ್ತಿಲಿನಲ್ಲಿ ಕೋಳಿ ಸಾಕುವವರು ತಾವೇ ಕೊಯ್ಯುವುದೂ ಉಂಟು.

ನಮ್ಮ ದೇಶದಲ್ಲಿ ಅನ್ವಯಿಸುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆ. ಅದರಲ್ಲಿ 'ಪ್ರಾಣಿ' ಎಂದರೆ ಮನುಷ್ಯನನ್ನು ಬಿಟ್ಟು ಉಳಿದ ಯಾವುದೇ ಜೀವಿ. ಕೋಳಿಯೂ ಅದರಲ್ಲಿ ಸೇರಿತು. ಅನಗತ್ಯ ನೋವು ಕೊಡುವುದು 11ನೆಯ ಸೆಕ್ಷನ್ ಪ್ರಕಾರ ಅಪರಾಧ. ಆದರೆ ಅದೇ ಸೆಕ್ಷನ್ನಿನ ಮೂರನೆಯ ಉಪಭಾಗವು ದನದ ಕೊಂಬು ತೆಗೆಯುವುದು, ಬೀಜ ಒಡೆಯುವುದು, ಬರೆ ಹಾಕುವುದು, ಮೂಗುದಾರ ಪೋಣಿಸುವುದು ಇವುಗಳನ್ನು 'ಗೊತ್ತುಪಡಿಸಿದ ರೀತಿಯಲ್ಲಿ' ಮಾಡಿದರೆ ಅಪರಾಧವಲ್ಲ ಎನ್ನುತ್ತದೆ. ಈ ರೀತಿ ಯಾವುದೆಂಬುದನ್ನು ತಿಳಿಸುವ ನಿಯಮಗಳನ್ನು ಕೇಂದ್ರ ಸರ್ಕಾರ 2023ರಲ್ಲಿ ಹೊರಡಿಸಿತು. ನೋಂದಾಯಿತ ಪಶುವೈದ್ಯರ ಪಾತ್ರ ಮತ್ತು ಅರಿವಳಿಕೆ ಅವುಗಳ ಮುಖ್ಯಾಂಶ. ಆದ್ದರಿಂದ ನಮ್ಮಲ್ಲಿ ಕೇಪನ್ ಎಂಬುದಕ್ಕೇ ಹೆಸರೆತ್ತಿದ ನಿಷೇಧ ಇಲ್ಲವಾದರೂ, ಮನೆಯ ಜಗಲಿಯಲ್ಲಿ ಮರಿಯನ್ನು ಕಟ್ಟಿ ಬ್ಲೇಡಿನಿಂದ ಕೊಯ್ಯುವುದು ಕಾನೂನಿನ ರಕ್ಷಣೆಯೊಳಗೆ ಬರುವುದಿಲ್ಲ.

ಉಳಿದದ್ದು ಲಾಭದ ಲೆಕ್ಕ. ಪಶುವೈದ್ಯರನ್ನು ಕರೆಸಿ, ಅರಿವಳಿಕೆ ಕೊಡಿಸಿ ಮಾಡಿಸಿದರೆ ಅದರ ವೆಚ್ಚ ಕೋಳಿಯ ಬೆಲೆಯನ್ನು ಮೀರುತ್ತದೆ. ಬೀಜ ತೆಗೆದ ಮಾತ್ರಕ್ಕೆ ಕೋಳಿ ಬೇಗ ಬೆಳೆಯುವುದೂ ಇಲ್ಲ. ಅದಕ್ಕೆ ಮತ್ತೆ ನಾಲ್ಕೈದು ತಿಂಗಳು ಮೇವು ಹಾಕಬೇಕು, ಆ ಮೇವಿನ ಬಹುಪಾಲು ಕೊಬ್ಬಾಗುತ್ತದೆ. ಬ್ರೆಸ್ಸಿನಲ್ಲಿ ಆ ಕೊಬ್ಬಿಗೆ ಬೆಲೆಯಿದೆ, ಕೊಳ್ಳುವವನೂ ಇದ್ದಾನೆ. ಕರ್ನಾಟಕದಲ್ಲಿ ಸ್ಥಿತಿ ನೇರವಾಗಿ ವಿರುದ್ಧ. ನಮ್ಮ ಜನ ನಾಟಿ ಹುಂಜಕ್ಕೆ ಹೆಚ್ಚು ಹಣ ಕೊಡುವುದು ಅದರ ಗಟ್ಟಿ ಮಾಂಸಕ್ಕೆ ಮತ್ತು ಸಾರಿನ ರುಚಿಗೆ. ಊರ ದೇವತೆಯ ಹರಕೆಗೆ, ಭೂತದ ಕೋಲಕ್ಕೆ ಬೇಕಾದದ್ದೂ ಕೆಂಪು ಜುಟ್ಟಿನ, ಕೂಗುವ, ಊನವಿಲ್ಲದ ಹುಂಜವೇ. ತುಳುನಾಡಿನ ಕೋಳಿ ಅಂಕ ಕಾನೂನಿಗೆ ವಿರುದ್ಧವಾದದ್ದೇ, ಆದರೆ ಅಲ್ಲಿಯ ಜನಮನದಲ್ಲಿ ಹುಂಜದ ಮೌಲ್ಯ ಅದರ ಪೌರುಷಕ್ಕೆ ಕಟ್ಟಿದ್ದು ಎಂಬುದಕ್ಕೆ ಅದೂ ಒಂದು ಸಾಕ್ಷಿ. ಬಿಳಚಿದ ಜುಟ್ಟಿನ ಮೂಕ ಹುಂಜವನ್ನು ನಮ್ಮ ಸಂತೆಗೆ ಒಯ್ದರೆ ರೋಗದ ಕೋಳಿಯೆಂದು ಬೆಲೆ ಇಳಿಸುವರೇ ಹೊರತು ಏರಿಸರು.

ಕೂಗಿನ ಕಾಟಕ್ಕೆಂದು ಈ ದಾರಿ ಹಿಡಿಯುವೆ ಎನ್ನುವವರೂ ಇರಬಹುದು. 2019ರಲ್ಲಿ ಫ್ರಾನ್ಸಿನ ಓಲೆರೋನ್ ದ್ವೀಪದ ಮೋರೀಸ್ ಎಂಬ ಹುಂಜದ ಮೇಲೆ ನೆರೆಯವರು ನ್ಯಾಯಾಲಯಕ್ಕೆ ಹೋದರು. ತೀರ್ಪು ಹುಂಜದ ಪರವಾಗಿ ಬಂದಿತು. 2021ರಲ್ಲಿ ಹಳ್ಳಿಯ ಸದ್ದು ವಾಸನೆಗಳೂ ಆ ದೇಶದ ಪರಂಪರೆಯೆಂದು ಕಾನೂನು ಮಾಡಿದರು. ನಮ್ಮ ಪಟ್ಟಣದ ಬಡಾವಣೆಗಳಲ್ಲಿ ಅಷ್ಟು ಉದಾರತೆ ಸಿಗದಿದ್ದರೆ ಹುಂಜವನ್ನು ಹಳ್ಳಿಯವರಿಗೆ ಕೊಡುವುದು ಸುಲಭವಾದ ಪರಿಹಾರ.

ಹಾಗಾದರೆ ಹೆಚ್ಚಿನ ಹುಂಜಗಳಿಗೆ ಏನು ಮಾಡಬೇಕು? ನಮ್ಮ ಅಜ್ಜಿಯಂದಿರು ಮಾಡುತ್ತಿದ್ದುದೇ ಸಾಕು: ಕೂಗು ಕಲಿಯುವ ಹೊತ್ತಿಗೆ ಅವುಗಳನ್ನು ಬೇರೆ ಗೂಡಿಗೆ ಹಾಕುವುದು, ಹಬ್ಬಕ್ಕೆ ಮುಂಚೆ ಮಾರುವುದು, ಅಥವಾ ಎಳೆಯದಿರುವಾಗಲೇ ಅಡಿಗೆಗೆ ಬಳಸುವುದು. ನಾಲ್ಕು ತಿಂಗಳೊಳಗಿನ ಹುಂಜದ ಮಾಂಸ ಮೃದುವಾಗಿಯೇ ಇರುತ್ತದೆ.

ಗಂಡು ಮರಿಯ ಪ್ರಶ್ನೆ ದೊಡ್ಡ ಉದ್ಯಮಕ್ಕೂ ಬಗೆಹರಿದಿಲ್ಲ. ಮೊಟ್ಟೆಕೋಳಿಯ ತಳಿಗಳಲ್ಲಿ ಗಂಡು ಮರಿಗಳನ್ನು ಹುಟ್ಟಿದ ದಿನವೇ ಕೊಲ್ಲುವುದು ಲೋಕದ ಬಹುಭಾಗದಲ್ಲಿ ರೂಢಿ. ಜರ್ಮನಿ 2022ರ ಆರಂಭದಿಂದ ಅದನ್ನು ನಿಷೇಧಿಸಿ, ಮೊಟ್ಟೆಯೊಳಗಿರುವಾಗಲೇ ಲಿಂಗ ಗುರುತಿಸುವ ವಿಧಾನಗಳತ್ತ ಹೊರಳಿದೆ. ಹಿತ್ತಿಲಿನಲ್ಲಿ ಕೋಳಿ ಸಾಕುವವನಿಗೆ ಅಂಥ ಯಂತ್ರವಿಲ್ಲ, ಬೇಕಾಗಿಯೂ ಇಲ್ಲ. ಮೊಟ್ಟೆಗಳನ್ನು ಕಾವಿಗೆ ಇಡುವಾಗಲೇ ಅವುಗಳಲ್ಲಿ ಅರ್ಧ ಹುಂಜ ಎಂದು ಎಣಿಸಿಕೊಂಡು, ಅವುಗಳ ಗತಿಯೇನೆಂದು ನಿಶ್ಚಯಿಸಿ, ಆ ಮೇಲೆ ಹೇಂಟೆಯನ್ನು ಕೂರಿಸುವುದು ಒಳ್ಳೆಯದು.